ಬರೇ ಹೂಂ ಅಂದಿದ್ದರೆ

ನಮ್ಮ ಹಟ್ಟಿಯಲ್ಲಿ ಕತೆ ಹೇಳುವವರಿಗೆ ಎಷ್ಟು ಮರ್ಯಾದೆಯೋ ಹೂಂಗುಟ್ಟುವವರಿಗೂ ಅಷ್ಟೇ ಮರ್ಯಾದೆ. ಹೇಳುವವರು ಒಂದು ಮಾತು ಹೇಳಿ ನಿಲ್ಲಿಸಬೇಕು, ಎದುರಿಗೆ ಕೂತವರು ‘ಹೂಂ’ ಅನ್ನಬೇಕು. ಹೂಂ ಅನ್ನುವವರಿಲ್ಲದ ಕಡೆ ಕತೆ ಹೇಳಲೇಬಾರದು ಅನ್ನುತ್ತಾರೆ ಹಿರಿಯರು. ಪಕ್ಕದ ಮನೆಯ ಚಿತ್ತಮ್ಮತ್ತೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಬಾಯಿ ಕಟ್ಟಿಕೊಳ್ಳಲಿಲ್ಲ ನೋಡಿ, ಅದನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಅತ್ತೆಯ ಮಗ ಗೋವರ್ಧನ ಕುರಿ ಹೊಡೆದುಕೊಂಡು ಮೇವಿರುವ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಸೊಸೆ ಬೆಳಗಾದರೆ ಹರಿಯಬ್ಬೆ ಕಡೆ ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಮನೆಯಲ್ಲಿ ಉಳಿಯುವವರು ಅತ್ತೆ, ಮೂರನೇ ಕ್ಲಾಸಿನ ಮೊಮ್ಮಗಳು ರಂಜಿತಾ, ಮುಳ್ಳುಬೇಲಿಯ ರೊಪ್ಪದಲ್ಲಿ ಕೂಡಿಹಾಕಿದ ಎಳೆಮರಿಗಳು.

ಹೋದ ವರ್ಷ ಸ್ಕೂಲಿಗೆ ಕಾವ್ಯಶ್ರೀ ಮಿಸ್ಸು ಬಂದರು. ಹಿರಿಯೂರಿಂದ ಬಸ್ಸಿಗೆ ಬರುವವರು. ಮಕ್ಕಳು ಸ್ಕೂಲಿನ ಕಪಾಟಿನಿಂದ ಒಂದೊಂದು ಕತೆ ಪುಸ್ತಕ ಮನೆಗೆ ತರಬೇಕು, ಸಂಜೆ ಮನೆಯವರಿಗೆ ಓದಿ ಹೇಳಬೇಕು, ಶನಿವಾರ ಮನೆಯವರೂ ಸ್ಕೂಲಿಗೆ ಬಂದು ಕೇಳಬೇಕು ಅಂತ ಮಾಡಿದರು. “ನಮಗೆ ಓದಾಕೆ ಬರಲ್ವಲ್ಲ ಮಿಸ್” ಅಂದೆವು. “ನೀವು ಓದೋದು ಬೇಡ. ಮಕ್ಕಳು ಓದುವಾಗ ಕೇಳಿಸ್ಕೊಳ್ಳಿ ಸಾಕು” ಅಂದರು. ಕೇಳುವುದೇ ತಾನೆ, ಅದರಲ್ಲಿ ನಮ್ಮನ್ನು ಮೀರಿಸುವವರು ಯಾರು ಅಂತ ಸೆರಗು ಕೊಡವಿಕೊಂಡು ಎದ್ದು ಬಂದೆವು.

ರಂಜಿತಾ ತಂದದ್ದು ಗಂಟೆ ಕಳಕೊಂಡ ಒಂದು ಎಮ್ಮೆಯ ಕತೆ. ಜಗಲಿಯ ಮೇಲೆ ಕೂತು ಬೆರಳಿಟ್ಟು ಓದತೊಡಗಿದಳು. “ಎ... ಎಮ್ಮೆ... ಕೆ... ಕೆರೆಗೆ...” ಅತ್ತೆ ಮೊದಮೊದಲು ಹೂಂ ಅಂದಳು. ಹುಡುಗಿ ಒಂದು ಮಾತಿಗೆ ತಡವರಿಸಿ ನಿಂತಳು. ಅತ್ತೆಗೆ ತಡೆಯಲಾಗಲಿಲ್ಲ.

“ಕುಂಟು ಕುರಿ ನಡದಂಗೆ ಓದ್ತೀಯಲ್ಲೇ! ಆಮೇಲೇನು, ತೋಳ ಬಂತಾ?”

“ಇಲ್ಲಜ್ಜಿ, ಕಪ್ಪೆ ಐತೆ.”

“ಕಪ್ಪೆ ಕಟ್ಕಂಡು ಏನು ಮಾಡಾದು? ಕೊಡಿಲ್ಲಿ, ನಾನು ಹೇಳ್ತೀನಿ.”

ಪುಸ್ತಕ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಗುಡ್ಡದಿಂದ ತೋಳ ಇಳಿಯಿತು, ಗಂಟೆ ಕದ್ದು ತನ್ನ ಕೊರಳಿಗೇ ಕಟ್ಟಿಕೊಂಡಿತು, ಎಲ್ಲಿ ಹೋದರೂ ಸದ್ದಾಗಿ ಬೇಟೆ ಸಿಕ್ಕದೆ ಉಪವಾಸ ಬಿತ್ತು. ಸುಳ್ಳು ಯಾಕೆ ಹೇಳಲಿ, ಈಚೆ ನಮ್ಮ ಜಗಲಿಯಲ್ಲಿ ನಾನೂ ಕೇಳುತ್ತಾ ಕೂತು ಒಲೆಯ ಮೇಲಿನ ಅನ್ನ ಸೀಯಿಸಿಬಿಟ್ಟೆ. ರಂಜಿತಾ ಕಣ್ಣರಳಿಸಿ ಹೂಂ, ಹೂಂ ಅನ್ನುತ್ತಿದ್ದಳು. ಮಾರನೆಯ ಸಂಜೆ ಪುಸ್ತಕ ಬಿಚ್ಚುವ ತಂಟೆಗೇ ಹೋಗಲಿಲ್ಲ. “ನೀನೇ ಹೇಳಜ್ಜಿ” ಅಂದಳು. ಅತ್ತೆಗೆ ಅದಕ್ಕಿಂತ ಇನ್ನೇನು ಬೇಕು?

ಶನಿವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಅತ್ತೆ ಎಲ್ಲರಿಗಿಂತ ಮುಂದೆ ಕೂತಳು. ರಂಜಿತಾ ಪುಸ್ತಕ ಬಿಚ್ಚಿ ನಿಂತು ಗಡಗಡ ಅಂತ ಒಪ್ಪಿಸಿದಳು. ತೋಳ, ಗುಡ್ಡ, ಉಪವಾಸ, ಎಲ್ಲ ಬಂದವು. ನಾವು ಚಪ್ಪಾಳೆ ತಟ್ಟಿದೆವು. ಪುಸ್ತಕದಲ್ಲಿ ತೋಳವೇ ಇಲ್ಲ ಅನ್ನುವುದು ಮಿಸ್ಸಿಗೆ ಗೊತ್ತಿತ್ತಲ್ಲ. ಅವರು ಬೈಯಲಿಲ್ಲ. ಹತ್ತಿರ ಬಂದು ಕಪ್ಪೆಯ ಚಿತ್ರದ ಕೆಳಗಿನ ಸಾಲಿಗೆ ಬೆರಳಿಟ್ಟು, “ಕತೆ ತುಂಬ ಚೆನ್ನಾಗಿತ್ತು ಪುಟ್ಟಿ. ಈಗ ಇದೊಂದು ಸಾಲು ಓದು” ಅಂದರು.

ಹುಡುಗಿ ಸಾಲು ನೋಡಿದಳು. ಅಜ್ಜಿಯ ಮುಖ ನೋಡಿದಳು. ಅತ್ತೆ ಆಗಲಾದರೂ ಸುಮ್ಮನಿರಬಾರದೇ? “ಕಪ್ಪೆ ಬಂತು ಅನ್ನೇ! ಕಪ್ಪೆ ಬಂತು ಅನ್ನು!” ಅಂತ ಕೂತಲ್ಲಿಂದಲೇ ಕೂಗಿದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ರಂಜಿತಾ ಪುಸ್ತಕದಿಂದ ಮುಖ ಮುಚ್ಚಿಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ಮಿಸ್ಸು ಅತ್ತೆಯ ಕೈ ಹಿಡಿದುಕೊಂಡು ಹೇಳಿದರು: “ಅಜ್ಜಿ, ನಿಮ್ಮ ಕತೆ ಬೇಡ ಅನ್ನಲ್ಲ. ಅವಳು ಓದೋವಾಗ ಮಾತ್ರ ಎಡವಲಿ, ನಿಲ್ಲಲಿ. ನೀವು ಬರೇ ಹೂಂ ಅನ್ನಿ.”

ಅತ್ತೆಯ ಮೂಗಿನ ತುದಿಯಲ್ಲೇ ಕೋಪ. “ನನಗೆ ಹೂಂ ಅನ್ನಾದು ಕಲಿಸ್ತೀರೇನ್ರಿ?” ಅಂದು ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು. ಆದರೆ ಸಂಜೆ ತಾನೇ ಚೀಲದಿಂದ ಪುಸ್ತಕ ತೆಗೆದು ಮೊಮ್ಮಗಳ ಮುಂದೆ ಹಿಡಿದಳು.

“ಓದು ತಾಯಿ. ನಾನು ಬಾಯಿ ಹಾಕಲ್ಲ.”

“ಬ್ಯಾಡಜ್ಜಿ.”

“ಯಾಕವ್ವ?”

“ನಾನು ನಿಧಾನ ಓದ್ತೀನಿ. ನಿಂಗೆ ಬ್ಯಾಸರ ಆಗ್ತೈತೆ.”

ಅತ್ತೆ ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿದಳು. ಕುರಿ ಹಿಂದೆ ಬದುಕು ಸವೆಸಿದವಳು ಅವಳು. ಮಂದೆಯಲ್ಲಿ ಒಂದು ಕುಂಟಿದರೆ ಮಂದೆಯನ್ನೆಲ್ಲ ನಿಲ್ಲಿಸಿ ಅದಕ್ಕೆ ಕಾಯುತ್ತಿದ್ದಳು, ಬೈದವಳಲ್ಲ. “ಕುರಿಗೆ ಕಾದೆ ಕಣೇ, ಕೂಸಿಗೆ ಕಾಯಲಿಲ್ಲ” ಅಂತ ನನ್ನೆದುರು ಅತ್ತಳು.

ಆಮೇಲೆ ಪುಸ್ತಕಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಜ್ಜಿಯ ಮುಂದೆ ಹುಡುಗಿ ಒಂದನ್ನೂ ಬಿಚ್ಚಲಿಲ್ಲ. ಕತೆ ಹೇಳು ಅಂತಲೂ ಕೇಳಲಿಲ್ಲ.

ಒಂದು ಸಂಜೆ ನಾವಿಬ್ಬರೂ ಸೌದೆ ಹೊತ್ತು ಬರುವಾಗ ರೊಪ್ಪದೊಳಗಿಂದ ರಂಜಿತಾಳ ದನಿ ಕೇಳಿಸಿತು. ಬೇಲಿಯ ಸಂದಿಯಲ್ಲಿ ನೋಡಿದರೆ, ಮರಿಗಳ ನಡುವೆ ಕೂತು ಓದುತ್ತಿದ್ದಾಳೆ. ಒಂದು ಮರಿ ಅವಳ ಲಂಗ ಜಗಿಯುತ್ತಿತ್ತು. “ಹು... ಹುಣ... ಹುಣಸೆ...” ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಓದಿಕೊಂಡು ಬಂದಳು. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. “ಹುಣಸೆ ಮರದ ಮೇಲೆ ಒಂದು ಗೂಡಿತ್ತು!” ಹುಡುಗಿ ತಾನಾಗಿಯೇ ಸಾಲು ಮುಗಿಸಿಬಿಟ್ಟಳು.

“ಹೂಂ” ಅಂದಳು ಅತ್ತೆ. ಬೇಕಂತ ಅಂದದ್ದಲ್ಲ, ಸಂತೋಷಕ್ಕೆ ಬಾಯಿಂದ ಜಾರಿಬಿಟ್ಟಿತು.

ರಂಜಿತಾ ಬೆಚ್ಚಿ ತಿರುಗಿದಳು. ಪುಸ್ತಕ ಮುಚ್ಚಿ ಲಂಗದ ಕೆಳಗೆ ಸೇರಿಸಿದಳು. “ಏನಿಲ್ಲಜ್ಜಿ, ಮರಿ ನೋಡ್ತಿದ್ದೆ” ಅಂದಳು.

ಮಾರನೆಯ ದಿನದಿಂದ ಸ್ಕೂಲು ಬಿಡುವ ಹೊತ್ತಿಗೆ ಅತ್ತೆ ತನ್ನ ಮನೆ ಬಿಟ್ಟು ನಮ್ಮ ಹಿತ್ತಿಲಿಗೆ ಬಂದು ಕೂರುತ್ತಾಳೆ. ಅಲ್ಲಿಗೆ ರೊಪ್ಪ ಕಾಣಿಸುವುದಿಲ್ಲ, ಹುಡುಗಿಯ ದನಿ ಕೇಳಿಸುವುದೂ ಇಲ್ಲ. ದೀಪ ಹಚ್ಚುವ ತನಕ ಏಳುವುದಿಲ್ಲ.

“ಮನೆ ಬಿಟ್ಟು ಇಲ್ಲೇನು ಮಾಡ್ತೀಯತ್ತೆ?” ಅಂತ ಒಂದು ದಿನ ಕೇಳಿಯೇಬಿಟ್ಟೆ.

“ಮೊಮ್ಮಗಳು ಓದ್ತೈತೆ ಕಣೇ” ಅಂದಳು. “ನಾನಿದ್ರೆ ಓದಲ್ಲ.”

ನಾನು ಹೂಂ ಅಂದೆ. ಅವಳು ಮುಂದೆ ಏನೂ ಹೇಳಲಿಲ್ಲ.