ಹುಲ್ಲಿನ ಮೇಲೆ ಎಂಬತ್ತು ಕಿಟಕಿ

ಮುಂಬೈಯ ಗೋರೆಗಾಂವ್‌ನ ಪಾರ್ಕೊಂದರಲ್ಲಿ ಎರಡು ವಾರದ ಕಲಾಪ್ರದರ್ಶನಕ್ಕೆಂದು ಕಬ್ಬಿಣದ ಮನೆ ಎದ್ದು ನಿಂತದ್ದು ಒಂದು ಶನಿವಾರ. ಕೆಡವಿದ ಚಾಳು ವಠಾರಗಳಿಂದ ತಂದ ಎಂಬತ್ತು ಹಳೆಯ ಕಿಟಕಿಗಳನ್ನು ಕಬ್ಬಿಣದ ಚೌಕಟ್ಟಿಗೆ ಜೋಡಿಸಿದ, ಎರಡಾಳೆತ್ತರದ ಮನೆ. ಗೋಡೆಯಿಲ್ಲ, ಬರೀ ಕಿಟಕಿ. ಬಂದವರು ಒಳಗೆ ಹೋಗಿ, ಯಾರದೋ ಅಡುಗೆಮನೆಯ ಕಿಟಕಿಯಿಂದ ಹೊರಗೆ ಇಣುಕಬಹುದಿತ್ತು. ಅದನ್ನು ಕಲ್ಪಿಸಿದವಳು ಸ್ನೇಹಲ್ ಎಂಬ ಕಲಾವಿದೆ. ಬೆಸುಗೆ ಹಾಕಿ ನಿಲ್ಲಿಸಿದವನು ಕಾಂದಿವಲಿಯ ವೆಲ್ಡರ್ ಮಜೀದ.

ಪಾರ್ಕಿನ ಮಾಲಿ ಶರಣವ್ವನಿಗೆ ಮನೆಯೇನೋ ಚೆಂದ ಕಂಡಿತು. ಅದು ನಿಂತ ಜಾಗ ಮಾತ್ರ ಸರಿಬರಲಿಲ್ಲ. ಸಿಂದಗಿ ಕಡೆಯಿಂದ ಬಂದವಳು, ಹನ್ನೊಂದು ವರ್ಷದಿಂದ ಇಲ್ಲಿ ಗುತ್ತಿಗೆಯ ಕೆಲಸಕ್ಕಿದ್ದಳು. ಅವಳು ಬಂದ ವರ್ಷ ಆ ಲಾನಿನ ನಡುವೆ ಒಂದು ಹಾಳುಬಾವಿ ಇತ್ತು. ಅದಕ್ಕೆ ಸ್ಲ್ಯಾಬ್ ಮುಚ್ಚಿ ಮಣ್ಣು ಸುರಿದ ಮೇಲೆ ಹುಲ್ಲು ನೆಟ್ಟದ್ದು ಅವಳ ಕೈಯೇ.

ಪ್ರದರ್ಶನದ ಉಸ್ತುವಾರಿ ಅಕ್ಷಯನದಾಗಿತ್ತು. ಅಪ್ಪ ಅಮ್ಮ ಉಡುಪಿಯವರಾದರೂ ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲಾದ್ದರಿಂದ ಅವನ ಕನ್ನಡ ತಡವರಿಸುತ್ತಿತ್ತು. ಶರಣವ್ವ ಮೊದಲ ದಿನವೇ ಅವನ ಬಳಿ ಹೋದಳು.

“ಸಾಹೇಬ್ರ, ಇದರ ಬುಡಕ್ಕ ಬಾವಿ ಐತಿ. ಆ ಬೇವಿನ ಗಿಡದ ಕಡಿ ನಿಲ್ಲಸ್ರಿ.”

“ಮೌಶಿ, ಪರ್ಮಿಶನ್ ಈ ಜಗಾಕ್ಕೇ ಸಿಕ್ಕಿದ್ದು. ನಾವು ನೆಲ ಖೋದಾಯಿ ಏನು ಮಾಡುದಿಲ್ಲ, ಹುಲ್ಲಿನ ಮೇಲೆ ಇಡುದು ಅಷ್ಟೆ. ಎರಡು ವೀಕ್, ಬಸ್.”

ಅವಳ ಸೂಪರ್‌ವೈಜರ್ ಫೋನಿನಲ್ಲಿ ಪಾರ್ಕಿನ ನಕ್ಷೆ ತೆಗೆದು ನೋಡಿದ. ಅದರಲ್ಲಿ ಬಾವಿ ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಸಂಜೆ ಪಾರ್ಕು ಮುಚ್ಚುವಾಗ ಕಿಟಕಿಗಳನ್ನೆಲ್ಲ ಹಾಕುವುದು ಶರಣವ್ವನ ಪಾಲಿಗೆ ಬಂದ ಹೊಸ ಕೆಲಸ. ಐದನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಚಿಲಕ ಸವೆದ ಕಿಟಕಿಗಳೆಲ್ಲ ತೆರೆದುಕೊಂಡಿದ್ದವು. ಎಲ್ಲವೂ ಗೇಟಿನ ಕಡೆಗೇ ತಿರುಗಿದ್ದವು. ಗಾಳಿ ಇರಲಿಲ್ಲ, ಬೇವಿನ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಒಂದು ಕಿಟಕಿಯನ್ನು ಮುಚ್ಚಿ ಕೈ ತೆಗೆದಳು. ಅದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸದ್ದಿಲ್ಲದೆ, ಯಾರೋ ಒಳಗಿನಿಂದ ದೂಡಿದ ಹಾಗೆ, ಮೆಲ್ಲಗೆ ಹಿಂದಕ್ಕೆ ಬಂತು.

ಅವಳು ತನ್ನ ಊರ ಕಡೆಯವನೇ ಆದ ಮಜೀದನಿಗೆ ಫೋನ್ ಮಾಡಿದಳು. ಮಧ್ಯಾಹ್ನ ಅವನು ರಸಮಟ್ಟ ತಂದು ಕಬ್ಬಿಣದ ಪಟ್ಟಿಯ ಮೇಲಿಟ್ಟ. ಒಳಗಿನ ಗುಳ್ಳೆ ಒಂದು ತುದಿಗೆ ಹೋಗಿ ನಿಂತಿತು.

“ನಾ ನಿಲ್ಲಿಸಿದಾಗ ನಟ್ಟನಡುವ ಇತ್ತಕ್ಕ,” ಎಂದ. “ಎರಡೂವರಿ ಟನ್ ತೂಕ ಐತಿ ಇದು.”

ಚೌಕಟ್ಟಿನ ಕುಸಿದ ಕಾಲಿನ ಕೆಳಗೆ ಅವನು ಕಬ್ಬಿಣದ ತಗಡುಗಳನ್ನು ತುರುಕಿ ಮಟ್ಟ ಮಾಡಿ ಹೋದ. ಒಂದು ವಾರದಲ್ಲಿ ಆ ತಗಡುಗಳೂ ಹುಲ್ಲಿನೊಳಗೆ ಕಾಣದಾದವು. ಹುಲ್ಲಿನಲ್ಲಿ ಎಳೆಯಷ್ಟು ಸಣ್ಣ ಬಿರುಕೊಂದು ಮೂಡಿತ್ತು. ಶರಣವ್ವ ಬಗ್ಗಿ ಅದರ ಜಾಡು ಹಿಡಿದು ನಡೆದಳು; ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಳು. ಒಂದು ಕಡ್ಡಿಯನ್ನು ಬಿರುಕಿನಲ್ಲಿ ಇಳಿಬಿಟ್ಟಳು. ಅದು ಎಲ್ಲೂ ತಡೆಯದೆ ಬೆರಳಿಂದ ಜಾರಿಹೋಯಿತು. ಬಿದ್ದ ಸದ್ದಿಗಾಗಿ ಉಸಿರು ಹಿಡಿದು ಕಾದಳು. ಏನೂ ಕೇಳಿಸಲಿಲ್ಲ.

ಈ ಸಲ ಮಜೀದನನ್ನೂ ಕರೆದುಕೊಂಡು ಅಕ್ಷಯನ ಮುಂದೆ ನಿಂತಳು. ಬಿರುಕು ನೋಡಿ ಅವನ ಮುಖ ಒಮ್ಮೆ ಸಪ್ಪಗಾಯಿತು. ಆಮೇಲೆ ಫೋನು ನೋಡಿಕೊಂಡ.

“ಸಂಡೇ ಸಮಾರೋಪ ಉಂಟು. ಸ್ಕೂಲಿನ ಅರವತ್ತು ಮಕ್ಕಳು ಒಳಗೆ ಕೂತು ಹಾಡ್ತಾರೆ. ಗೆಸ್ಟ್ ಎಲ್ಲ ಫಿಕ್ಸ್ ಆಗಿದೆ. ಮಂಡೇ ಬೆಳಿಗ್ಗೆ ತೆಗೀತೇವೆ.”

“ಮಕ್ಕಳನ್ನ ಒಳಗ ಬಿಡಬ್ಯಾಡ್ರಿ,” ಎಂದ ಮಜೀದ.

“ಮನೆಯನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿಸ್ತೇನೆ, ಭಾಯ್. ಒಂದೇ ದಿನದ ಮಾತು.”

ಹಗ್ಗ ಕಟ್ಟಿಸಿದ. ಶನಿವಾರ ಸಂಜೆಗೆ ಅದು ತಂತಿಯ ಹಾಗೆ ಬಿಗಿದುಕೊಂಡಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಜಮಖಾನೆಗಳು ಬಂದವು. ಮನೆಯ ಒಳಗೆ ಹಾಸಲು ಶುರು ಮಾಡಿದರು. ಶರಣವ್ವ ಇನ್ನೊಮ್ಮೆ ಹೋಗಿ ಬೇಡವೆಂದಳು, ಯಾರೂ ತಲೆಯೆತ್ತಲಿಲ್ಲ. ಅವಳು ಪಂಪಿನ ಕೋಣೆಗೆ ನಡೆದಳು. ಅವಳ ಕೈಯಲ್ಲಿದ್ದದ್ದು ಒಂದೇ, ನೀರು. ವಾಲ್ವ್ ಪೂರ್ತಿ ತಿರುಗಿಸಿ, ದಪ್ಪ ಪೈಪನ್ನು ಎಳೆದು ತಂದು ಲಾನಿಗೆ ಬಿಟ್ಟಳು. ಜಮಖಾನೆ ನೆನೆಯಿತು, ಹುಲ್ಲು ಕೆಸರಾಯಿತು. ಅಕ್ಷಯ ಓಡಿ ಬಂದು ಪೈಪು ಕಿತ್ತುಕೊಳ್ಳುವಷ್ಟರಲ್ಲಿ ಅಲ್ಲಿ ಚಪ್ಪಲಿ ಊರಲೂ ಜಾಗವಿರಲಿಲ್ಲ. ನೆರೆದವರಲ್ಲಿ ಕೆಲವರು ಫೋನು ಹಿಡಿದು ಚಿತ್ರ ತೆಗೆದರು.

ಕಾರ್ಯಕ್ರಮ ಗೇಟಿನ ಬಳಿಯ ಫರಶಿಕಲ್ಲಿನ ನೆಲದ ಮೇಲೆ ನಡೆಯಿತು. ಮಕ್ಕಳು ಎರಡನೆಯ ಹಾಡಿನಲ್ಲಿದ್ದಾಗ ಹಗ್ಗ ಹರಿದ ಸದ್ದಾಯಿತು. ಎಲ್ಲರೂ ತಿರುಗಿದರು. ಮನೆ ಯಾರಿಗೋ ತಲೆಬಾಗುವಂತೆ ಮುಂದಕ್ಕೆ ಬಾಗಿತು, ಹಾಗೇ ನಿಂತಿತು, ಆಮೇಲೆ ನೆಲ ಬಾಯಿ ಬಿಟ್ಟಿತು. ಕಿಟಕಿಗಳು ಒಂದೊಂದಾಗಿ ಒಡೆಯುತ್ತ ಇಳಿದವು. ಕೊನೆಗೆ ಮೇಲುಗಡೆಯ ಒಂದು ಸಾಲು ಮಾತ್ರ ಹುಲ್ಲಿನ ಮಟ್ಟದಲ್ಲಿ ಉಳಿಯಿತು; ಕೆಳಗೆಲ್ಲೋ ನೀರು ಗುಳುಗುಳು ಎನ್ನುತ್ತಿತ್ತು. ಮಕ್ಕಳ ಹಾಡು ಯಾವಾಗ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ.

ಯಾರಿಗೂ ಗಾಯವಾಗಲಿಲ್ಲ. ಆದರೆ ವಿಚಾರಣೆಯ ದಿನಕ್ಕಾಗಲೇ ಹೊಂಡಕ್ಕೆ ಮಣ್ಣು ಸುರಿದು ಮುಚ್ಚಿದ್ದರು; ಮೇಜಿನ ಮೇಲಿದ್ದದ್ದು ಒಂದೇ ಸಾಕ್ಷಿ: ಪೈಪು ಹಿಡಿದು ನಿಂತ ಶರಣವ್ವನ ವಿಡಿಯೊ. ನೀರು ಬಿಟ್ಟದ್ದರಿಂದ ಮಣ್ಣು ಸಡಿಲಾಗಿ ಕುಸಿಯಿತು ಎಂದು ಅಕ್ಷಯ ಬರೆದುಕೊಟ್ಟಿದ್ದ. ಮಜೀದ ರಸಮಟ್ಟದ ಮಾತು ಹೇಳಿದ. ಫೋಟೋ ಎಲ್ಲಿ ಎಂದು ಕೇಳಿದರು. ಅವನು ತೆಗೆದಿರಲಿಲ್ಲ.

“ನೀರು ಬಿಟ್ಟದ್ದು ನೀನೇನಾ?” ಎಂದು ಅಧಿಕಾರಿ ಕೇಳಿದ.

ಶರಣವ್ವ ಹೌದೆಂದಳು. ಮರುದಿನದಿಂದ ಕೆಲಸಕ್ಕೆ ಬರಬೇಡವೆಂದರು.

ವಾರ ಕಳೆದ ಮೇಲೆ ಸ್ನೇಹಲ್ ಮಜೀದನೊಂದಿಗೆ ಅವಳ ಖೋಲಿಗೆ ಬಂದಳು. ಬಾವಿಯ ಮಾತು ಅಕ್ಷಯ ಸ್ನೇಹಲ್‌ವರೆಗೆ ಮುಟ್ಟಿಸಿರಲೇ ಇಲ್ಲ. ಅವಳ ಹಿಂದಿಯನ್ನು ಮಜೀದ ಕನ್ನಡದಲ್ಲಿ ಹೇಳಿದ: “ನೀರು ಬಿಡದಿದ್ದರ ನಿಂದರತಿತ್ತೇನು, ಅಂತ ಕೇಳಾಕತ್ತಾರ.”

ಆ ಪ್ರಶ್ನೆಯನ್ನು ಶರಣವ್ವ ವಾರದಿಂದ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು.

“ಗೊತ್ತಿಲ್ಲವ್ವಾ,” ಎಂದಳು. “ನಿಂದರತಿತ್ತೋ ಏನೋ. ಅದನ್ನ ನೋಡಬೇಕಂದ್ರ ಆ ಹುಡುಗ್ರನ್ನ ಒಳಗ ಕೂಡ್ರಸಬೇಕಿತ್ತು.”

 ಮರುದಿನ ಸ್ನೇಹಲ್, ಜಾಗ ಆರಿಸಿದ್ದು ತಾನು, ಮಾಲಿಯ ತಪ್ಪಿಲ್ಲ ಎಂದು ಬರೆದು ಸಹಿ ಮಾಡಿ ಕಚೇರಿಗೆ ಕೊಟ್ಟಳು. ಅದರಿಂದಲೋ ಏನೋ, ಎರಡು ತಿಂಗಳ ಬಳಿಕ ಶರಣವ್ವನಿಗೆ ದಹಿಸರ್‌ನ ಇನ್ನೊಂದು ಪಾರ್ಕಿನಲ್ಲಿ ಕೆಲಸ ಸಿಕ್ಕಿತು.

ಮೊದಲ ಬೆಳಿಗ್ಗೆ ಅವಳು ಕಳೆ ತೆಗೆಯುವ ಕುರಪಿ ಕೆಳಗಿಟ್ಟು ಹುಲ್ಲಿನ ಮೇಲೆ ಹಿಮ್ಮಡಿ ಊರಿ ಊರಿ ನಡೆದಳು. ಜೋಕಾಲಿಗಳ ಹತ್ತಿರ ಬಂದಾಗ ಕಾಲಡಿಯ ಸದ್ದು ಬದಲಾಗಿ ಟೊಳ್ಳೆನಿಸಿತು. ಅವಳು ಅಲ್ಲಿಯ ಹಳೆಯ ಮಾಲಿಯನ್ನು ಕರೆದು, ಇದರ ಕೆಳಗೆ ಮೊದಲು ಏನಿತ್ತು ಎಂದು ಕೇಳಿದಳು.

ಅವನು ನಕ್ಕ. ಇಪ್ಪತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ.