ಸೊಪ್ಪು ಹಾಕುವವಳು

ದೊಡ್ಡಮುನಿಯಪ್ಪನಿಗೆ ಎದೆನೋವೆಂದು ಹುತ್ತೂರಿನ ನೆಂಟರೆಲ್ಲ ಕೋಲಾರದ ಆಸ್ಪತ್ರೆಗೆ ಬಂದು, ತೀವ್ರ ನಿಗಾ ವಾರ್ಡಿನ ಬಾಗಿಲಲ್ಲಿ ಕೂಗಾಡತೊಡಗಿದರು. ಯಾರನ್ನೂ ಬಿಡುವಂತಿಲ್ಲವೆಂದು ನರ್ಸು ಅಡ್ಡ ನಿಂತಿದ್ದಳು. ಅವನ ಹೆಂಡತಿ ಮುನಿಗಂಗಮ್ಮ ರೇಗಿದ್ದು ನೆಂಟರ ಮೇಲೆ.

"ರೋಗ ಅಂಟ್ತದೆ ಅಂತ ರೇಷ್ಮೆ ಹುಳದ ಮನೆಗೆ ನಿಮ್ಮನ್ನ ಯಾವತ್ತಾದ್ರೂ ಬಿಟ್ಟಿದ್ದೀನಾ? ಹೆತ್ತಮ್ಮ ಬಂದ್ರೂ ಹೊಸಲಾಚೆನೇ ನಿಲ್ಲಿಸಿದೋಳು ನಾನು. ಇದೂ ಹಂಗೇ. ನಡೀರಿ ಆಚೆಗೆ."

ನೆಂಟರು ಗೊಣಗುತ್ತ ಮೆಟ್ಟಿಲಿಳಿದರು.

"ನೀವೂ ಆಚೆ ಕೂತ್ಕೊಳ್ಳಿ ಅಮ್ಮ," ಎಂದಳು ನರ್ಸು, ನೆಮ್ಮದಿಯಿಂದ.

ಮುನಿಗಂಗಮ್ಮ ಆಗಲೇ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು ಬಂದಿದ್ದಳು. ಬಾಗಿಲಿಗೆ ಕೈಯಿಟ್ಟಳು.

"ಹುಳದ ಮನೆಗೆ ಯಾರನ್ನೂ ಬಿಡಬಾರ್ದು, ಸರಿ ತಾಯಿ. ಸೊಪ್ಪು ಹಾಕೋಳೇ ಆಚೆ ಕೂತ್ರೆ ಹುಳ ಬದುಕ್ತದಾ?"