ಕಾಣಿಕೆ ಬಿದ್ದ ಮದುವೆ ಪೆಟ್ಟಿಗೆ

ಬೆಟ್ಟಗಳ ಮೌನದಲ್ಲಿ ಮಹಾದೇವನಾಗಿ, ದುಡಿಯುವ ಕೈಗಳಲ್ಲಿ ಕೌಶಲವಾಗಿ, ಕೊಡುವ ಮನಸ್ಸಿನಲ್ಲಿ ಕರುಣೆಯಾಗಿ ನೆಲೆಸಿರುವ ಪರಶಿವನಿಗೆ ಮೊದಲ ವಂದನೆ. ಅವನೆದುರು ಮಂಡಿಯೂರಿ ಕುಳಿತ ನಂದೀಶ್ವರನಿಗೆ ಎರಡನೆಯ ವಂದನೆ. ಈ ಕಥೆಯ ತೊಡಕಿನಲ್ಲಿ ಅವನ ಪಾಲೂ ಇದೆ. ಹೇಳುವ ನಾಲಿಗೆ ತಪ್ಪದಂತೆ ಇಬ್ಬರೂ ಕಾಯಲಿ.

ಹೆಗ್ಗದ್ದೆಯ ಲಿಂಗಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಹಗಲೆಲ್ಲ ಆಳುಗಳ ಹಾಜರಿ ಬರೆಯುವ ಆ ಕೈಗೆ ಮರಗೆಲಸ ಕುಲದಿಂದ ಬಂದದ್ದಲ್ಲ, ಒಲಿದು ಬಂದದ್ದು. ಊಟದ ಮಣೆಗಳು, ಮಗಳ ತೊಟ್ಟಿಲು, ಊರ ಬಸವಣ್ಣನ ಗುಡಿಯ ಕಾಣಿಕೆ ಹುಂಡಿ ಎಲ್ಲವೂ ಆ ಕೈಯಿಂದಲೇ ಆದವು. ಉಳಿ ಹಿಡಿದ ಮೇಲೆ ಅವನಿಗೆ ಅನುಮಾನವೆಂಬುದೇ ಇರುತ್ತಿರಲಿಲ್ಲ.

ತೊಂಬತ್ತೊಂಬತ್ತರ ವೈಶಾಖದಲ್ಲಿ ಮಗಳು ಮೋನಿಕಾಳ ಮದುವೆ ಗೊತ್ತಾಯಿತು. ಅವಳು ಬಾಳ್ಳುಪೇಟೆಯ ಶಾಲೆಯೊಂದರಲ್ಲಿ ಟೀಚರು.

"ಅಪ್ಪಾ, ನನ್ ಕ್ಲಾಸಿನ ಮಕ್ಕಳು ನಲವತ್ತೊಂದು ಜನಾನೂ ಕೈಯಲ್ಲೇ ಕಾರ್ಡ್ ಮಾಡ್ಕೊಂಡು ಮದ್ವೆಗೆ ಬರ್ತಾರಂತೆ. ಅವನ್ನೆಲ್ಲ ಹಾಕಕ್ಕೆ ಒಂದು ಪೆಟ್ಟಿಗೆ ಬೇಕು. ನೀನೇ ಮಾಡ್ಬೇಕು. ಅದನ್ನ ಗಂಡನ ಮನೆಗೂ ತಗೊಂಡ್ ಹೋಗ್ತೀನಿ" ಎಂದಳು.

"ಫ್ಯಾನ್ಸಿ ಸ್ಟೋರಲ್ಲಿ ಥರ್ಮಾಕೋಲಿಂದು ಸಿಗ್ತೈತಲ್ಲ, ಥಳಥಳ ಅಂತೈತೆ" ಎಂದಳು ಅವಳ ತಾಯಿ ಗುರುಶಾಂತಮ್ಮ.

"ಆ ಥಳಥಳ ಮೂರು ದಿನ ಕಣೆ. ನಂದು ಅವಳ ಮೊಮ್ಮಕ್ಕಳ ಕಾಲಕ್ಕೂ ಇರ್ತೈತೆ" ಎಂದ ಲಿಂಗಪ್ಪ.

ಅಟ್ಟದ ಮೇಲೆ ಮೂರು ವರ್ಷ ಒಣಗಿದ್ದ ಹಲಸಿನ ಹಲಗೆಗಳನ್ನು ಇಳಿಸಿದ. ಕುಯ್ದು, ಕೀಸಿ, ಹಲ್ಲಿಗೆ ಹಲ್ಲು ಕೂಡಿಸಿ, ಮೇಲೆ ಇಳಿಜಾರಾದ ಮುಚ್ಚಳವಿಟ್ಟು, ಕಾರ್ಡು ಇಳಿಯುವಷ್ಟು ಸೀಳು ತೆಗೆದ. ಮುಂಭಾಗದಲ್ಲಿ ಹೆಬ್ಬೆರಳುದ್ದದ ನಂದಿಯನ್ನು ಕೆತ್ತಿ, ಅದರ ಹಣೆಗೆ ಮೂರು ಗೆರೆ ವಿಭೂತಿ ಎಳೆದ. ಮಂಗಳಕಾರ್ಯದ ವಸ್ತುವಿಗೆ ದೇವರ ಗುರುತಿರಲೆಂಬುದು ಅವನ ಎಣಿಕೆ. ಚಪ್ಪರದ ದಿನ ಬೆಳಿಗ್ಗೆ ಅದನ್ನು ಜಗಲಿಯಲ್ಲಿ, ಕಳಶದ ಪಕ್ಕದಲ್ಲಿಟ್ಟು, ಬಾಳೆಕಂಬ ಕಡಿಯಲು ಹಿತ್ತಿಲಿಗೆ ಹೋದ.

ಅಷ್ಟರಲ್ಲಿ ನೆರೆಮನೆಯ ಭೂತಮ್ಮಜ್ಜಿ ವೀಳ್ಯದೆಲೆಯ ಕಟ್ಟು ಹೊತ್ತು ಬಂದಳು. ನಂದಿಯನ್ನು ಕಂಡಳು. ಎಲೆಯ ಕಟ್ಟು ಇಳಿಸಿ, ಸೆರಗಿನ ಗಂಟಿನಿಂದ ನಾಣ್ಯವೊಂದನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು ಸೀಳಿನೊಳಗೆ ಬಿಟ್ಟು ಕೈ ಮುಗಿದಳು. ಅವಳ ಹಿಂದೆ ಎಸ್ಟೇಟಿನ ಕೂಲಿ ಲೈನಿನಿಂದ ಕೆಲಸಕ್ಕೆ ಬಂದಿದ್ದ ಹೆಂಗಸರೂ ಹಾಗೆಯೇ ಮಾಡಿದರು. ಖಣಖಣ ಸದ್ದು ಕೇಳಿ ಲಿಂಗಪ್ಪ ಓಡಿಬಂದ.

"ಏನ್ ಮಾಡ್ತಿದೀಯ ಭೂತಮ್ಮಜ್ಜಿ?"

"ಕಣ್ಣು ಕಾಣಾಕಿಲ್ವೇನೋ ಮಾರಾಯ? ಬಸವಣ್ಣಂಗೆ ಕಾಣಿಕೆ ಹಾಕ್ತಿದೀನಿ. ಗುಡಿ ಹುಂಡೀನ ಮದ್ವೆಗೆ ಅಂತ ಮನೆಗೇ ತಂದಿದೀಯ, ಒಳ್ಳೇದಾಯ್ತು ಬಿಡು!"

ಲಿಂಗಪ್ಪ ಪೆಟ್ಟಿಗೆಯನ್ನು ಆಗ ಸರಿಯಾಗಿ ನೋಡಿದ. ಗುಡಿಗೆ ತಾನೇ ಮಾಡಿಕೊಟ್ಟ ಹುಂಡಿಯ ಅದೇ ಇಳಿಜಾರು, ಅದೇ ಸೀಳು, ಅದೇ ನಂದಿ.

"ಮುಗೀತು. ಬಸವಣ್ಣನ ಮುಂದೆ ಕಾಣಿಕೆ ಬಿದ್ಮೇಲೆ ಅದು ಬಸವಣ್ಣಂದೇ. ಗುಡಿಗೆ ಹೋಗ್ಬೇಕು, ಮದ್ವೆಗಲ್ಲ" ಎಂದಳು ಗುರುಶಾಂತಮ್ಮ.

"ಕಾಸು ತೆಗೆದು ಗುಡಿಗೆ ಕೊಟ್ಬುಟ್ರೆ ಆಗಲ್ವಾ?" ಮೋನಿಕಾಳ ದನಿ ಸಣ್ಣಗಾಗಿತ್ತು.

ಲಿಂಗಪ್ಪ ಯೋಚಿಸಿದ. ತನ್ನ ಸಂಕಲ್ಪ ಬೇರೆಯಿದ್ದುದು ನಿಜ. ಆದರೆ ಕೊಟ್ಟವಳ ಭಕ್ತಿಯಲ್ಲಿ ಕಲಬೆರಕೆಯಿರಲಿಲ್ಲ. ಅದನ್ನು ತಪ್ಪೆಂದು ತಿದ್ದಿ ಹಿಂದಿರುಗಿಸುವ ಅಧಿಕಾರ ತನಗೆಲ್ಲಿಯದು?

"ಇಲ್ಲ ಮಗಳೇ. ಅಜ್ಜಿ ಪೆಟ್ಟಿಗೆಗೆ ಕೈ ಮುಗೀಲಿಲ್ಲ, ದೇವರಿಗೆ ಮುಗಿದ್ಲು. ತಪ್ಪು ನಂದು. ಹುಂಡಿ ಮಾಡಿದ್ದ ಕೈ ಹುಂಡೀನೇ ಮಾಡ್ಬುಡ್ತು."

"ಹಂಗಾದ್ರೆ ಥರ್ಮಾಕೋಲಿಂದೇ ತರ್ಸು ಬಿಡಪ್ಪ. ಪರ್ವಾಗಿಲ್ಲ."

ಆ 'ಪರ್ವಾಗಿಲ್ಲ' ಲಿಂಗಪ್ಪನ ಎದೆಗೆ ನಾಟಿತು. ಪೆಟ್ಟಿಗೆಯನ್ನು ತಾನೇ ಹೊತ್ತು ಗುಡಿಗೆ ಒಪ್ಪಿಸಿ ಬಂದು, ಪಂಚೆ ಎತ್ತಿಕಟ್ಟಿ ಅಂಗಳದಲ್ಲಿ ಕುಳಿತ.

"ದೀಪ ಹಚ್ಚೋ ಹೊತ್ತಿಗೆ ಇನ್ನೊಂದು ಪೆಟ್ಟಿಗೆ ಆಗಿರ್ತೈತೆ."

"ಮದ್ವೆ ಮನೆ ಯಜಮಾನ ಮರ ಕುಯ್ತಾ ಕೂತ್ರೆ ಬೀಗರು ಏನಂದಾರು?" ಎಂದಳು ಹೆಂಡತಿ.

"ಬಂದ್ರೆ ಅವ್ರಿಗೂ ಒಂದು ಗರಗಸ ಕೊಡು."

ಕೆಲಸ ಭರದಿಂದ ಸಾಗಿತು. ಆದರೆ ಉಳಿದಿದ್ದ ಹಲಗೆ ತಳಕ್ಕೆ, ಮುಚ್ಚಳಕ್ಕೆ, ಮೂರು ಬದಿಗೆ ಮಾತ್ರ ಸಾಲುವಂತಿತ್ತು, ಮುಂಭಾಗಕ್ಕೆ ಮರವಿಲ್ಲ. ಕೊಟ್ಟಿಗೆಯಲ್ಲಿದ್ದದ್ದು ಹಸಿ ಸಿಲ್ವರ್ ಓಕ್, ನಾಳೆಯೇ ಸೊಟ್ಟಗಾದೀತು. ಕೈ ಮೊದಲ ಸಲ ನಿಂತಿತು.

ಗುರುಶಾಂತಮ್ಮ ಒಳಗೆ ಹೋದಳು. ಪಾತ್ರೆಗಳು ಕಲಕಲ ಸದ್ದು ಮಾಡಿದವು. ಹೊರಬಂದಾಗ ಅವಳ ಕೈಯಲ್ಲಿ ಶೋಕೇಸಿನ ಗಾಜು. ನೆಂಟರೆಲ್ಲ ಹೊಗಳುತ್ತಿದ್ದ ಆ ಶೋಕೇಸು ಅವಳ ಹೆಮ್ಮೆ.

"ಇದನ್ನ ಕುಯ್ಯಕ್ಕಾಗ್ತೈತೇನ್ರೀ?"

"ಗಾಜು ಕುಯ್ಯಕ್ಕೆ ಬರಲ್ಲ. ಗಾಜಿನ ಅಳತೆಗೆ ಪೆಟ್ಟಿಗೇನೇ ಮಾಡ್ತೀನಿ. ಆದ್ರೆ ನಿನ್ ಶೋಕೇಸು?"

"ಮದ್ವೆ ಮುಗುದ್ಮೇಲೆ ಬೋಳು ಶೋಕೇಸು ನೋಡ್ಕೊಂಡು ಅಳ್ತೀನಿ. ಈಗ ಕೂರ್ಸಿ ಸುಮ್ನೆ. ಒಳಗಿರೋದು ಕಂಡ್ರೆ ಹುಂಡಿ ಅಂತ ಯಾರೂ ಕೈ ಮುಗಿಯಾಕಿಲ್ಲ."

ಲಿಂಗಪ್ಪ ನಕ್ಕುಬಿಟ್ಟ. ಪೆಟ್ಟಿಗೆಯ ಅಗಲ ಹೆಚ್ಚಿತು, ಆಳ ತಗ್ಗಿತು. ಮುಚ್ಚಳ ಮಟ್ಟಸವಾಯಿತು, ನಂದಿ ಬರಲಿಲ್ಲ. ಅಂಚಿನಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಗಾಜು ಸರಕ್ಕನೆ ಇಳಿದು ಕುಳಿತಾಗ ದೇವರ ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ.

ಮರುದಿನ ಬಾಳ್ಳುಪೇಟೆಯ ಮಂಟಪದಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬಂದರು. ಬಣ್ಣದ ಗಿಳಿ, ಸೊಟ್ಟ ಮೂತಿಯ ಆನೆ, ಸೀರೆಯುಟ್ಟ ಟೀಚರು, ಒಂದೊಂದೇ ಕಾರ್ಡು ಗಾಜಿನ ಹಿಂದೆ ಬಂದು ನಿಂತಿತು. ಮಕ್ಕಳು ತಮ್ಮ ತಮ್ಮ ಚಿತ್ರ ಕಾಣುವುದೇ ಎಂದು ಬಗ್ಗಿ ಬಗ್ಗಿ ನೋಡಿದರು.

ಭೂತಮ್ಮಜ್ಜಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು.

"ಇದೇನೋ ಲಿಂಗಪ್ಪ, ಒಳಗಿರೋದೆಲ್ಲ ಕಾಣ್ತೈತೆ! ಯಾರ ಕವರು ದಪ್ಪ, ಯಾರ ಕವರು ತೆಳ್ಳಗೆ ಅಂತ ಊರಿಗೇ ಗೊತ್ತಾಗೋಯ್ತದಲ್ಲೋ!"

"ನೀನೇನ್ ತಂದಿದೀಯಜ್ಜಿ?" ಎಂದಳು ಮೋನಿಕಾ ನಗುತ್ತ.

"ನಾನು ಬರೇ ಕೈ ತಂದಿದೀನಿ ಕಣವ್ವ" ಎಂದು ಅಜ್ಜಿ ಎರಡೂ ಕೈಗಳಿಂದ ಮದುಮಗಳ ಕೆನ್ನೆ ಸವರಿ, ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಸಂಜೆ ಹೆಣ್ಣೊಪ್ಪಿಸಿದ ಮೇಲೆ ಮೋನಿಕಾ ಪೆಟ್ಟಿಗೆಯನ್ನು ಗಂಡನ ಮನೆಗೆ ಹೊರಟ ಜೀಪಿನ ಹಿಂಭಾಗಕ್ಕೆ ಬಿಡಲಿಲ್ಲ; ರೇಷ್ಮೆ ಸೀರೆಯ ಮಡಿಲಲ್ಲೇ ಇಟ್ಟುಕೊಂಡಳು. ಲಿಂಗಪ್ಪ ಗಾಜನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಕದಲಲಿಲ್ಲ.

"ಘಾಟಿ ರಸ್ತೇಲಿ ಕುಲುಕಿದ್ರೂ ಏನೂ ಆಗಲ್ಲ, ಹೋಗ್ಬಾ ಮಗಳೇ" ಎಂದು ಬಾಗಿಲು ಹಾಕಿದ.

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಮಂಗಳವಾದ್ಯ ಮೊಳಗಲಿ. ಅವರ ಕೈ ಹಿಡಿದ ಕೆಲಸ ಕೈಗೂಡಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹೋದಲ್ಲಿ ನಗುತ್ತಿರಲಿ. ಹೇಳಿದವರಿಗೂ ಕೇಳಿದವರಿಗೂ ಪರಶಿವನು ಸನ್ಮಂಗಳವನ್ನುಂಟುಮಾಡಲಿ.